ಬೀಗಕ್ಕೆ ಗೊತ್ತಿತ್ತು, ನನಗಿಲ್ಲ

ನೆನಪಿನ ಶಕ್ತಿಯಲ್ಲಿ ನನ್ನನ್ನು ಮೀರಿಸುವ ಗಂಡಸು ಹಾನಗಲ್ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ ಎಂದು ಹೋದ ವರ್ಷ ಹೆಂಡತಿ ಮಾಲಾಳ ಮುಂದೆ ಎದೆ ತಟ್ಟಿ ಹೇಳಿದ್ದೆ. ಆಗಷ್ಟೇ ಅತ್ತೆ ತೀರಿಕೊಂಡಿದ್ದರು. ಅವರ ಇಳಕಲ್ ಸೀರೆಯನ್ನು ಮಾಲಾ ಟ್ರಂಕಿನಲ್ಲಿಟ್ಟಳು. ನಾನು ಅದಕ್ಕೆ ಮೂರಂಕಿಯ ನಂಬರ್ ಬೀಗ ಜಡಿದೆ.

"ನಂಬರ್ ಎಷ್ಟರಿ?"

"ಅದು ಗುಟ್ಟು! ಮರಿಯೂ ಮಾತ ಇಲ್ಲ!"

ಮರೆತೆ! ಸ್ವಚ್ಛವಾಗಿ, ಸಂಪೂರ್ಣವಾಗಿ, ಸಕುಟುಂಬ ಸಮೇತ ಮರೆತೆ!

ಇವತ್ತು ಚಿಕ್ಕೇರೂರಿನಲ್ಲಿ ಅತ್ತೆಯ ವರ್ಷದ ಕಾರ್ಯ. ಫೋಟೋದ ಮುಂದೆ ಆ ಸೀರೆ ಇಟ್ಟೇ ಎಡೆ ಹಿಡಿಯಬೇಕು. ಬಸ್ಸು ಹತ್ತಕ್ಕೆ. ಉಟ್ಟು ಹೋಗಬೇಕಾದ ಅಂಗಿ, ಧೋತರ ಪಕ್ಕದಲ್ಲಿಟ್ಟುಕೊಂಡು, ಬರೀ ಬನಿಯನ್ ಮೇಲೆ ಟ್ರಂಕಿನ ಮುಂದೆ ಕೂತು ಬೆವರುತ್ತಿದ್ದೆ. ಮಾಲಾ ಬೆಳಗಿನಿಂದ ಅಳುತ್ತಲೇ ಇದ್ದಳು.

"ನೀ ಹುಟ್ಟಿದ ದಿನಾನ ಇಟ್ಟಿದ್ದೆ," ಎಂದೆ ಮೆಲ್ಲಗೆ.

"ಹಂಗಾರ ಜೂನ್ ಒಂದು. ತಿರುವ್ರಿ."

ಜೂನ್ ಒಂದು! ನನ್ನದೂ ಅದೇ, ನಮ್ಮ ಓಣಿಯ ಅರ್ಧ ಮಂದಿಯದೂ ಅದೇ! ಸಾಲಿ ಮಾಸ್ತರು ಪೆನ್ನೆತ್ತಿದರೆ ಊರಿಗೆ ಊರೇ ಒಂದೇ ದಿನ ಹೆರಿಗೆಯಾಗುತ್ತಿತ್ತು.

"ಅದಲ್ಲ, ಖರೇ ದಿನ. ನಿಮ್ಮವ್ವನ್ನ ಕೇಳಿದ್ದೆ. ಅವರು ಯಾವುದೋ ಹಬ್ಬ ಹೇಳಿದ್ರು. ಹಳೇ ಪಂಚಾಂಗ ನೋಡಿ ತಾರೀಖು ಹುಡುಕಿ ಇಟ್ಟಿದ್ದೆ."

"ಯಾವ ಹಬ್ಬರಿ?"

"ಅದೂ ಮರ್ತೇನಿ."

ಮಾಲಾಳ ಅಳು ನಿಂತಿತು. "ಅವ್ವ ನನಗ ಎಂದೂ ಹೇಳಿರ್ಲಿಲ್ಲ. ನಾನೂ ಕೇಳಿರ್ಲಿಲ್ಲ," ಎಂದಳು.

ಅಷ್ಟರಲ್ಲಿ ನಾನು ಕರೆಸಿದ್ದ ವೆಲ್ಡಿಂಗ್ ಅಂಗಡಿಯ ಖಲಂದರ ಕಟರ್ ಹಿಡಿದು ಬಂದ. "ಅತ್ಲಾಗ ಸರೀರಿ ಅಕ್ಕಾರ. ಎರಡ ಮಿನಿಟು, ಬೀಗ ಖಲಾಸ್!"

"ಮುಟ್ಟಬ್ಯಾಡ್ರಿ!" ಮಾಲಾ ಟ್ರಂಕನ್ನು ತಬ್ಬಿಕೊಂಡಳು. "ನಾ ಹುಟ್ಟಿದ ದಿನ ಇದರಾಗ ಐತಿ. ಅವ್ವ ಹೋದ ಮ್ಯಾಲ ಮತ್ಯಾರ ಹೇಳ್ಬೇಕು?"

ಖಲಂದರ ಕಟರ್ ಕೆಳಗಿಟ್ಟ. ನನಗೆ ನನ್ನ ಮೇಲೇ ಹೇಸಿಕೆಯಾಯಿತು.

ಸೊನ್ನೆಯಿಂದ ಶುರು ಮಾಡಿದೆವು. ನಾನು ಎಣಿಸುವುದು, ಅವಳು ತಿರುವಿ ಜಗ್ಗುವುದು. ನೂರು ದಾಟಿತು, ಬಸ್ಸೂ ಹೋಯಿತು. ಇನ್ನೂರು ದಾಟುವಷ್ಟರಲ್ಲಿ ನನ್ನ ನಾಲಿಗೆ ಒಣಗಿತ್ತು. ಇನ್ನೂರ ಹದಿನೇಳಕ್ಕೆ ಬೀಗ ಟಕ್ಕೆಂದಿತು!

"ಇಪ್ಪತ್ತೊಂದು, ಏಳು! ಜುಲೈ ಇಪ್ಪತ್ತೊಂದು!" ಎಂದು ಕುಣಿದೆ. "ಆಷಾಢದ ಗುಳ್ಳವ್ವನ ಹಬ್ಬದ ಕಡೇ ಮಂಗಳವಾರ! ಮಣ್ಣಿನ ಗುಳ್ಳವ್ವನ್ನ ನೀರಿಗೆ ಕಳಿಸಿ ಬರೂದ್ರಾಗ ಹೆರಿಗಿ ಬ್ಯಾನಿ ಹತ್ತಿದ್ವು ಅಂದಿದ್ರು ನಿಮ್ಮವ್ವ!"

ಮಾಲಾ ಸೀರೆಯಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತಳು. ನನ್ನ ಕುಣಿತವೂ ನಿಂತಿತು.

"ನನ್ನ ಗಾಡ್ಯಾಗ ಬಿಡ್ತೇನಿ, ಲಗೂನ ತಯಾರಾಗ್ರಿ," ಎಂದ ಖಲಂದರ.

ಮಾಲಾ ಕಣ್ಣೊರೆಸಿಕೊಂಡು, ನನಗೆ ಬೆನ್ನು ಮಾಡಿ ಕೂತು, ಟ್ರಂಕಿನೊಳಗೆ ಏನೋ ತುರುಕಿ, ಬೀಗಕ್ಕೆ ಬೇರೆ ನಂಬರ್ ಕೂಡಿಸಿ ಟ್ರಂಕು ಮುಚ್ಚಿದಳು.

"ಏಯ್! ಯಾವ ನಂಬರ್ ಇಟ್ಟಿ?"

"ನೀವು ಹುಟ್ಟಿದ ದಿನ."

"ಜೂನ್ ಒಂದು! ಇದನ್ನ ಮರಿತೇನೇನು!"

"ಖರೇದ್ದು. ನಿಮ್ಮವ್ವ ನನಗ ಹೇಳ್ಯಾರ."

"ಯಾವಾಗ ಹುಟ್ಟೇನಿ? ಹೇಳ ಮಾರಾಯ್ತಿ!"

"ನಿಮ್ಮ ಅಂಗಿ, ಧೋತರ ಎಲ್ಲಾ ಒಳಗ ಹಾಕೇನಿ," ಎಂದಳು ಸೀರೆಯನ್ನು ಎದೆಗವಚಿಕೊಂಡು. "ಕೇಳಾಕ ನಿಮಗ ಅವ್ವ ಇನ್ನೂ ಅದಾರ. ಫೋನ್ ಹಚ್ರಿ."