ವೀರಗಲ್ಲಿನ ಮುಂದೆ ಮುದ್ದೆ

ನೆಲ ಅಗೆಯುವವನ ಜೇಬಿನಲ್ಲಿ ಕಾಸಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಪುರಾತತ್ವದ ಕೆಲಸ ಎಂದ ಕೂಡಲೇ ಎದುರಿಗಿದ್ದವರು ದನಿ ತಗ್ಗಿಸಿ, "ಏನಾದ್ರೂ ಸಿಕ್ತಾ ಸಾರ್?" ಎನ್ನುತ್ತಾರೆ. ಮಡಕೆಯ ಚೂರು ಸಿಕ್ಕಿತು ಎಂದರೆ, ಮಿಕ್ಕಿದ್ದನ್ನು ಬಚ್ಚಿಟ್ಟಿದ್ದೇನೆಂದು ಅರ್ಥ ಮಾಡಿಕೊಳ್ಳುತ್ತಾರೆ. ಗುಂಡ್ಲುಪೇಟೆಯಲ್ಲಿ ನನಗೆ ಕೋಣೆ ಕೊಟ್ಟವರು ಅಡ್ವಾನ್ಸ್ ಸ್ವಲ್ಪ ಹೆಚ್ಚೇ ಕೇಳಿದ್ದು ಈ ನಂಬಿಕೆಯಿಂದಲೇ. ನಾನು ಗುತ್ತಿಗೆಯವನು, ಸಂಬಳ ಬಂದಾಗ ಬರುತ್ತದೆ. ಬರದ ತಿಂಗಳಲ್ಲಿ ಮಧ್ಯಾಹ್ನದ ಊಟವನ್ನು ಬಿಸ್ಕತ್ತಿಗೆ ಇಳಿಸಿ, ರಾತ್ರಿ ಅಕ್ಕಿರೊಟ್ಟಿ ತಟ್ಟಿಕೊಂಡು ಗೋಡೆಯ ಕಡೆ ಮುಖ ಮಾಡಿ ತಿನ್ನುತ್ತೇನೆ. ಆ ಕೋಣೆಯಲ್ಲಿ ಗೋಡೆ ಬಿಟ್ಟು ಬೇರೆ ಕಡೆಯೇ ಇಲ್ಲ. ಹಸಿವನ್ನು ಹೇಗೋ ತಡೆದುಕೊಳ್ಳಬಹುದು. ಇಡೀ ದಿನ ಯಾರ ಜೊತೆಗೂ ಮಾತಾಡಿಲ್ಲವೆಂದು ರೊಟ್ಟಿ ಮುರಿಯುವಾಗ ಹೊಳೆಯುತ್ತದಲ್ಲ, ಅದು ಕಷ್ಟ.

ಹಂಗಳದ ಹತ್ತಿರ ಒಂದು ಹೊಲದ ಬದುವಿನಲ್ಲಿ ವೀರಗಲ್ಲಿತ್ತು. ಊರಿನ ದನಗಳನ್ನು ಬಿಡಿಸಲು ಹೋಗಿ ಸತ್ತ ಯಾರೋ ಒಬ್ಬನ ಕಲ್ಲು. ಅದರ ಬರಹವನ್ನು ಓದುವುದು ನನ್ನ ಕೆಲಸ. ಸವೆದ ಅಕ್ಷರ ಕಾಣಬೇಕಾದರೆ ಕಲ್ಲು ತೊಳೆದು ಬಿಳಿ ಪುಡಿ ಉಜ್ಜಬೇಕು. ಸೀಮೆಸುಣ್ಣದ ಪುಡಿ ಮುಗಿದಿತ್ತು. ಚೀಲದಲ್ಲಿ ರಾತ್ರಿಗೆಂದು ಕೊಂಡ ಅಕ್ಕಿಹಿಟ್ಟಿತ್ತು, ಅದನ್ನೇ ಬಳಿದೆ. ನನ್ನ ರೊಟ್ಟಿ ಅಕ್ಷರವಾಗಿ ಮೂಡುವುದನ್ನು ನೋಡುತ್ತಾ ಬಿಸ್ಕತ್ತು ಕಡಿಯುತ್ತಿದ್ದಾಗ ಪಕ್ಕದ ಅರಿಸಿನದ ಹೊಲದಿಂದ ಶಿವಮ್ಮ ಬಂದರು. ವಯಸ್ಸಾದ ಹೆಂಗಸು, ಹಣೆಯ ತುಂಬ ವಿಭೂತಿ. ಕಲ್ಲನ್ನು ನೋಡಿದರು, ನನ್ನನ್ನು ನೋಡಿದರು.

"ಇಟ್ಟು ಬಳ್ದು ಮುಂದೆ ಕುಂತಿದ್ದೀಯಲ್ಲಪ್ಪ, ಅರಕೆನಾ? ಮದ್ವೆ ಆಗಿಲ್ವಾ?"

"ಮದುವೆ ಆಗಿಲ್ಲ, ಆದರೆ..."

"ಅದ್ಕೇಯಾ. ನಮ್ಮತ್ತೆ ಕಾಲ್ದಲ್ಲಿ ಮದ್ವೆ ಆಗ್ದೋರು ಈ ಸ್ವಾಮಿಗೆ ಇಟ್ಟು ಬಳ್ದು ಬೇಡ್ಕೊಳೋರು. ಈಗ ಯಾರ್ ಬತ್ತಾರೆ? ಅರಕೆ ಒತ್ತೋರ್ಗೆ ಉಣ್ಣಾಕಿಕ್ಕುದ್ರೆ ನಮ್ಗೂ ಪುಣ್ಯ ಕಣಪ್ಪ."

ಬುತ್ತಿ ಬಿಚ್ಚಿದರು. ಮುದ್ದೆ, ಉಪ್ಪುಸಾರು. ಇದು ಹರಕೆಯಲ್ಲ, ಸರ್ವೆ ಎಂದು ಹೇಳಲು ಬಾಯಿ ತೆರೆದೆ. ತೆರೆದ ಬಾಯಿಗೆ ಮುದ್ದೆ ಹೋಯಿತು. ಮುದ್ದೆಯನ್ನು ನುಂಗಬೇಕು, ನುಂಗುತ್ತಾ ಮಾತಾಡುವಂತಿಲ್ಲ. ನಿಜವೂ ಅದರ ಜೊತೆಗೇ ಒಳಗಿಳಿಯಿತು.

ಎರಡು ದಿನದಲ್ಲಿ ಓದಿ ಮುಗಿಸಬಹುದಾದ ಕಲ್ಲನ್ನು ನಾನು ವಾರಗಟ್ಟಲೆ ಓದಿದೆ. ಚಾಮರಾಜನಗರದಿಂದ ಸಾಹೇಬರು ಫೋನು ಮಾಡಿ "ಇನ್ನೂ ಮುಗಿದಿಲ್ವೇನ್ರೀ?" ಎಂದರೆ, "ತುಂಬಾ ಸವೆದಿದೆ ಸಾರ್" ಎನ್ನುತ್ತಿದ್ದೆ. ಕಲ್ಲು ಅಷ್ಟೇನೂ ಸವೆದಿರಲಿಲ್ಲ. ದಿನವೂ ಬುತ್ತಿ ತಂದು, ನಾನು ಉಣ್ಣುವಷ್ಟು ಹೊತ್ತೂ ಶಿವಮ್ಮ ಎದುರಿಗೆ ಕೂತು, ಕಾಡುಹಂದಿ ಹೊಲಕ್ಕೆ ನುಗ್ಗಿದ್ದು, ಸೊಸೆ ಮುನಿಸಿಕೊಂಡಿದ್ದು, ಎಲ್ಲ ಹೇಳುವರು. ಕೊನೆಗೆ "ರಾತ್ರಿ ಏನ್ ಉಂಡೆ?" ಎಂದು ಕೇಳುವರು. ಆ ಪ್ರಶ್ನೆಯನ್ನು ನನಗೆ ಯಾರಾದರೂ ಕೇಳಿ ಬಹಳ ಕಾಲವಾಗಿತ್ತು. ಅವರಿಗೆ ಹೇಳಲೆಂದೇ ಕೆಲವು ರಾತ್ರಿ ರೊಟ್ಟಿಗೆ ಚಟ್ನಿಯನ್ನೂ ಅರೆದೆ.

ಕೊನೆಗೆ ಸಾಹೇಬರ ತಾಳ್ಮೆ ಸವೆಯಿತು. ಹರವೆಯಲ್ಲಿ ಇನ್ನೊಂದು ಕಲ್ಲಿದೆ, ಹೊರಡಿ ಎಂದರು. ಅಂದು ಮಧ್ಯಾಹ್ನ ಶಿವಮ್ಮನಿಗೆ, "ನಾಳೆಯಿಂದ ಬರಲ್ಲಮ್ಮ, ಹರವೆಗೆ ಹೋಗ್ತಿದ್ದೀನಿ" ಎಂದು ಹೇಳಿ ತುತ್ತು ಬಾಯಿಗಿಟ್ಟೆ.

"ಎಣ್ಣು ಅರವೆದಾ?" ಅವರ ಮುಖ ಅರಳಿತು. "ನಂಗೊತ್ತಿತ್ತು. ನಮ್ಮ ಸ್ವಾಮಿ ಕೈ ಬುಡದಿಲ್ಲ."

ನಾನು ನುಂಗಿ ಮುಗಿಸುವಷ್ಟರಲ್ಲಿ ಅವರು ಮನೆಯ ಕಡೆ ಹೊರಟುಬಿಟ್ಟಿದ್ದರು. ಬರುವಾಗ ಹಸಿರು ರವಿಕೆ ಕಣ, ತಮ್ಮದೇ ಹೊಲದ ಅರಿಸಿನದ ಕೊಂಬು ತಂದರು. "ಎಣ್ಗೆ ಕೊಡು. ಮದ್ವೆ ಆದ್ಮೇಲೆ ಇಬ್ರೂ ಬಂದು ಸ್ವಾಮಿಗೆ ಇಟ್ಟು ಬಳ್ದು, ನಮ್ಮನೇಲಿ ಉಂಡು ಓಗಿ." ಆಗ ನನ್ನ ಬಾಯಲ್ಲಿ ಮುದ್ದೆ ಇರಲಿಲ್ಲ. ಆದರೂ ಎರಡನ್ನೂ ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡೆ.

ಹರವೆಯ ಕಲ್ಲಿನ ಹತ್ತಿರಕ್ಕೆ ಯಾವ ಹೊಲದಿಂದಲೂ ಯಾರೂ ಬರುವುದಿಲ್ಲ. ಸಂಬಳ ಬಂದಿದೆ, ಸೀಮೆಸುಣ್ಣದ ಪುಡಿ ಬೇಕಾದಷ್ಟಿದೆ. ಆದರೂ ನಿನ್ನೆ ಅಕ್ಕಿಹಿಟ್ಟನ್ನೇ ಬಳಿದೆ. ಚೀಲದಲ್ಲಿ ರವಿಕೆ ಕಣ ಇದೆಯೇ ಎಂದು ಮುಟ್ಟಿ ನೋಡಿ, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕೈ ಮುಗಿದು ಬೇಡಿಕೊಂಡೆ. ಒಂದು ಹೆಣ್ಣು ಸಿಗದ ಹೊರತು ನಾನು ಶಿವಮ್ಮನ ಮನೆಗೆ ಊಟಕ್ಕೆ ಹೋಗುವಂತಿಲ್ಲವಲ್ಲ.