ಹಿತ್ತಾಳೆ ಡಾಲ್ಫಿನ್‌ಗಳ ಪ್ರಕರಣ

ಪೋಂ, ಪೋಂ, ಪೋಂ. ಬೆಳಗಿನ ಆರಕ್ಕೆ ಕೆಲಿನುವಿನ ಬ್ರೆಡ್ಡಿನ ವ್ಯಾನು ಮೂರು ಸಲ ಹೀಗೆ ಕೂಗಿತೆಂದರೆ ಆ ಬೀದಿಯಲ್ಲಿ ಹೆಣವೂ ಎದ್ದು ಕೂರಬೇಕು. ತೋರ್ಬೆನ್ ಮರದ ಬಾಲ್ಕನಿಯಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಬಿಟ್ಟ. ಬಿಸಿ ಬ್ರೆಡ್ಡನ್ನು ಹೊತ್ತು ಬುಟ್ಟಿ ಮೇಲೇರಿ ಬಂತು.

"ಬಿರ್ಗಿಟ್, ಇವತ್ತು ಬುಧವಾರ," ಎಂದ ತೋರ್ಬೆನ್, ಯುದ್ಧ ಸಾರುವವನಂತೆ.

"ಪ್ರತಿ ವಾರ ಒಂದು ಬರುತ್ತಪ್ಪ," ಎಂದಳು ಹೆಂಡತಿ ದಿಂಬಿನೊಳಗಿಂದ.

"ಸಂಜೆ ಐದಕ್ಕೆ ಕ್ಲಬ್ಬಿನ ಸಭೆ. ನನ್ನ ಅರ್ಜಿ ಮೂರನೇ ಸಲ ಬರ್ತಿದೆ. ಈ ಸಲ ನನ್ನನ್ನ ಸೇರಿಸ್ಕೊಳ್ಳದೆ ಆ ಅಧ್ಯಕ್ಷ ವಿಸ್ತಿನ್‌ಗೆ ಬೇರೆ ದಾರಿಯೇ ಇಲ್ಲ, ನೋಡ್ತಿರು!"

ಗೊಜೊ ದ್ವೀಪದ ಆ ಊರಿಗೆ ಅವರಿಬ್ಬರು ಡೆನ್ಮಾರ್ಕಿನಿಂದ ಬಂದು ಮೂರು ವರ್ಷವಾಗಿತ್ತು. ನಲವತ್ತು ವರ್ಷ ಸೇತುವೆಗಳ ಬಿರುಕು ಅಳೆದು ನಿವೃತ್ತನಾದ ತೋರ್ಬೆನ್‌ಗೆ ಈಗ ಬದುಕಿನಲ್ಲಿ ಉಳಿದಿದ್ದ ಆಸೆ ಒಂದೇ. ಮನೆಯೆದುರಿನ ಕ್ಲಬ್ಬಿನ ಸದಸ್ಯನಾಗಿ, ಅದರ ಪಕ್ಕದ ಮಣ್ಣಿನಂಗಳದಲ್ಲಿ ಊರಿನ ಮುದುಕರ ಜೊತೆ ಬೊಚ್ಚಿ ಆಡಬೇಕು. ಆಟವೇನೂ ಕಷ್ಟದ್ದಲ್ಲ. ಒಂದು ಪುಟ್ಟ ಚೆಂಡು ಎಸೆದು, ಮರದ ದೊಡ್ಡ ಚೆಂಡುಗಳನ್ನು ಅದರ ಹತ್ತಿರಕ್ಕೆ ಎಸೆಯುತ್ತಾರೆ. ಯಾರದು ಹತ್ತಿರ ಎಂದು ಆಮೇಲೆ ಜಗಳವಾಡುತ್ತಾರೆ. ಎಸೆಯುವುದಕ್ಕೆ ಎರಡು ನಿಮಿಷ ಸಾಕು. ಜಗಳಕ್ಕೆ ಅರ್ಧ ಗಂಟೆ ಬೇಕು.

ಬಂದ ಮೊದಲ ತಿಂಗಳಲ್ಲೇ ತೋರ್ಬೆನ್ ಒಂದು ಉಪಕಾರ ಮಾಡಿದ್ದ. ಜಗಳ ಕಾವೇರಿದಾಗ ಜೇಬಿನಿಂದ ಉಕ್ಕಿನ ಟೇಪು ತೆಗೆದು, ಮಂಡಿಯೂರಿ, ಅಳೆದು, "ಹದಿನೇಳು ಪಾಯಿಂಟ್ ನಾಲ್ಕು ಸೆಂಟಿಮೀಟರ್" ಎಂದು ಘೋಷಿಸಿದ. ಜಗಳ ಅಲ್ಲಿಗೇ ಮುಗಿಯಿತು. ಆ ದಿನ ಎಲ್ಲರೂ ಬೆಳಿಗ್ಗೆ ಹನ್ನೊಂದಕ್ಕೇ ಮನೆಗೆ ಹೋದರು. ಅಷ್ಟು ಬೇಗ ಬಂದ ಗಂಡಸರನ್ನು ಏನು ಮಾಡಬೇಕೆಂದು ಅವರವರ ಹೆಂಡಿರಿಗೂ ತಿಳಿಯಲಿಲ್ಲ. ಅಲ್ಲಿಂದೀಚೆಗೆ ತೋರ್ಬೆನ್‌ನ ಮೊದಲ ಅರ್ಜಿಗೆ 'ಜಾಗವಿಲ್ಲ' ಎಂದರು. ಎರಡನೆಯದನ್ನು ಕಾರ್ಯದರ್ಶಿ ಪುಸ್ತಕದೊಳಗಿಟ್ಟು ಮರೆತ. ಪುಸ್ತಕವನ್ನು ಅವನ ತಂಗಿ ಆಸ್ಟ್ರೇಲಿಯಕ್ಕೆ ಒಯ್ದಿದ್ದಳು.

"ನಾನು ಕಂಡುಹಿಡಿದೆ," ಎಂದ ತೋರ್ಬೆನ್ ಬ್ರೆಡ್ ಮುರಿಯುತ್ತ. "ಈ ಊರಲ್ಲಿ ಮನೆತನ ಅಳೆಯೋದು ಬಾಗಿಲು ನೋಡಿ. ವಿಸ್ತಿನ್ ಕೂರೋ ಕುರ್ಚಿಯಿಂದ ನಮ್ಮ ಬಾಗಿಲಿಗೆ ಹನ್ನೊಂದು ಮೀಟರ್. ದಿನವಿಡೀ ಅವನಿಗೆ ಕಾಣೋದು ಹಸಿರು ಹಿಡಿದ ನಮ್ಮ ಹಿತ್ತಾಳೆ ಡಾಲ್ಫಿನ್‌ಗಳು. ಅವನ್ನ ಬಿಚ್ಚಿ, ಒಂದೇ ಗಂಟೆಯಲ್ಲಿ ಸೂರ್ಯನ ಹಾಗೆ ಹೊಳೆಯೋ ಹಾಗೆ ಮಾಡ್ತೀನಿ."

ಮುಂಬಾಗಿಲಿನ ಎರಡು ಕದಕ್ಕೂ ಒಂದೊಂದರಂತೆ, ತಟ್ಟುವುದಕ್ಕಿದ್ದ ಡಾಲ್ಫಿನ್‌ಗಳವು. ಬಿರ್ಗಿಟ್ ದಿಂಬಿನಿಂದ ಮುಖ ಎತ್ತಿದಳು. ಏಪ್ರಿಲ್ ತಿಂಗಳ ಹೂಪುಡಿ ಅವಳಿಗೆ ಆಗುವುದಿಲ್ಲ. ಎರಡೂ ಕಣ್ಣು ಕೆಂಪಗೆ ಊದಿದ್ದವು.

"ಬಿಚ್ಚದೇನೇ ಉಜ್ಜು."

"ಬಿಚ್ಚದೇ ಉಜ್ಜೋದು ಹವ್ಯಾಸಿಗಳು."

ವೃತ್ತಿಪರನ ಪಾಕ ಹೀಗಿತ್ತು: ಎಂಟು ನಿಂಬೆಹಣ್ಣು, ಒಂದು ಬಾಟಲಿ ವಿನೆಗರ್, ಹಿಡಿ ಉಪ್ಪು. ಅರ್ಧ ಗಂಟೆಯ ನಂತರ ಮೇಲೆ ತೆಗೆದಾಗ ಡಾಲ್ಫಿನ್‌ಗಳು ಸೂರ್ಯನ ಹಾಗೆ ಹೊಳೆಯುತ್ತಿರಲಿಲ್ಲ. ಬಿಸಿಲಲ್ಲಿ ಮಲಗಿ ಸುಟ್ಟುಕೊಂಡ ಪ್ರವಾಸಿಗರ ಹಾಗೆ ಕೆಂಪಾಗಿ, ಅಲ್ಲಲ್ಲಿ ಚುಕ್ಕೆ ಎದ್ದಿದ್ದವು.

"ಪಟ್ಟಣದಲ್ಲಿ ಇಗರ್ಜಿಯ ದೀಪಸ್ತಂಭ ಉಜ್ಜೋ ಮುದುಕ ಒಬ್ಬನಿದ್ದಾನೆ," ಎಂದ ತೋರ್ಬೆನ್ ತಣ್ಣಗೆ. "ನಾಲ್ಕು ಗಂಟೆ ಬಸ್ಸಿಗೆ ಬಂದ್ಬಿಡ್ತೀನಿ."

ಹೊರಡುವ ಮೊದಲು ಅವನು ಬಾಗಿಲಿನ ಬೋಳು ತೂತುಗಳನ್ನು ನೋಡಿದ. ತೂತು ಬಿಟ್ಟು ಹೋಗುವುದು ಅವನ ಜಾಯಮಾನವಲ್ಲ. ಇರುವೆ ನುಗ್ಗದಿರಲೆಂದು ಎರಡರ ಮೇಲೂ ಕರೆಂಟ್ ತಂತಿಗೆ ಸುತ್ತುವ ಕಪ್ಪು ಪಟ್ಟಿಯನ್ನು ಅಗಲಕ್ಕೆ ಅಂಟಿಸಿದ. ಗಾಳಿಗೆ ಹೂಪುಡಿ ಬರದಿರಲೆಂದು ಹಗಲೆಲ್ಲ ತೆರೆದೇ ಇರುವ ಮುಂಬಾಗಿಲಿನ ಒಂದು ಕದ ಮುಚ್ಚಿದ, ಕಿಟಕಿಗಳನ್ನೆಲ್ಲ ಭದ್ರಪಡಿಸಿದ. ಕೆಂಪು ಡಾಲ್ಫಿನ್‌ಗಳು ವಿಸ್ತಿನ್‌ನ ಕಣ್ಣಿಗೆ ಬೀಳಬಾರದೆಂದು ಹಿತ್ತಲಿನಿಂದ ಇಳಿದು, ಹೊಲದ ಕಲ್ಲುಗೋಡೆಗಳ ನಡುವೆ ಬಗ್ಗಿ ಬಗ್ಗಿ ನಡೆದು, ಪಕ್ಕದೂರಿನ ನಿಲ್ದಾಣದಲ್ಲಿ ಬಸ್ಸು ಹತ್ತಿದ. ಇಷ್ಟು ಅಚ್ಚುಕಟ್ಟಾಗಿ ಅವನು ಯಾವ ಸೇತುವೆಯನ್ನೂ ನೋಡಿಕೊಂಡಿರಲಿಲ್ಲ.

ನಾಲ್ಕಕ್ಕೆ ಊರಿನ ಚೌಕದಲ್ಲಿ ಇಳಿದಾಗ ಚೀಲದಲ್ಲಿ ಡಾಲ್ಫಿನ್‌ಗಳು ನಿಜಕ್ಕೂ ಹೊಳೆಯುತ್ತಿದ್ದವು. ಕ್ಲಬ್ಬಿನ ಬಾವುಟ ಮಾತ್ರ ಅರ್ಧಕ್ಕೆ ಇಳಿದಿತ್ತು. ತೋರ್ಬೆನ್ ಟೋಪಿ ತೆಗೆದ. ಕೆಲಿನು ವ್ಯಾನಿನ ಹಿಂಬಾಗಿಲಲ್ಲಿ ಸೊಂಟದವರೆಗೂ ಒಳಹೊಕ್ಕು ತಟ್ಟೆಗಳನ್ನು ಜೋಡಿಸುತ್ತಿದ್ದ.

"ಯಾರು ಹೋದ್ರು ಕೆಲಿನು?"

"ಅದೇ, ಡೆನ್ಮಾರ್ಕಿನವ. ಪಾಪ," ಎಂದಿತು ವ್ಯಾನಿನೊಳಗಿನ ದನಿ.

ಈ ಊರಲ್ಲಿ ಇನ್ನೊಬ್ಬ ಡೆನ್ಮಾರ್ಕಿನವನಿದ್ದುದು ತೋರ್ಬೆನ್‌ಗೆ ಗೊತ್ತೇ ಇರಲಿಲ್ಲ. ಮೂರು ವರ್ಷದಲ್ಲಿ ಒಮ್ಮೆಯೂ ಮಾತಾಡಿಸಲಾಗಲಿಲ್ಲವಲ್ಲ ಎಂದು ಅವನಿಗೆ ನಿಜವಾಗಿ ಬೇಸರವಾಯಿತು.

"ವಯಸ್ಸಾಗಿತ್ತಾ?"

"ಅಂಥದ್ದೇನಿಲ್ಲ. ಬೆಳಿಗ್ಗೆ ಆರಕ್ಕೆ ನನ್ನ ಹತ್ರ ಬ್ರೆಡ್ ತಗೊಂಡ. ಎಂಟಕ್ಕೆ ನಾನು ಮತ್ತೆ ಆ ಕಡೆ ಬಂದು ನೋಡ್ತೀನಿ, ಬಾಗಿಲಿಗೆ ಕಪ್ಪು ಪಟ್ಟಿ!" ಕೆಲಿನು ಕಣ್ಣೊರೆಸುತ್ತ ಹೊರಗೆ ಬಂದ. ತಿರುಗಿದ. ಕೈಲಿದ್ದ ತಟ್ಟೆ ನೆಲಕ್ಕೆ ಬಿತ್ತು. ಮೂರು ಸಲ ಶಿಲುಬೆ ಗುರುತು ಮಾಡಿಕೊಂಡ ಮೇಲೆ ಅವನಿಗೆ ಮಾತು ಬಂತು. "ಸಿನ್ಯೂರ್! ಬಾಗಿಲಿನ ಡಾಲ್ಫಿನ್ ಯಾಕೆ ಬಿಚ್ಚಿದ್ರಿ?"

"ಹೊಳಪು ಮಾಡಿಸೋಕೆ."

"ಕಪ್ಪು ಪಟ್ಟಿ?"

"ಇರುವೆಗೆ."

"ಒಂದು ಕದ ಮುಚ್ಚಿದ್ದು? ಕಿಟಕಿ?"

"ಹೂಪುಡಿಗೆ."

ಕೆಲಿನು ಚೌಕದ ಕಲ್ಲಿನ ಮೇಲೆ ಕುಸಿದು ಕೂತ. "ಸಾವಿನ ಮನೆಗೆ ನಾವು ಮಾಡೋದು ಅಷ್ಟೇ ಸಿನ್ಯೂರ್. ಬಾಗಿಲು ತಟ್ಟಬಾರದು ಅಂತ ಅದನ್ನ ಬಿಚ್ಚಿ ಕಪ್ಪು ಕಟ್ತೀವಿ, ಒಂದು ಕದ ಮುಚ್ತೀವಿ, ಕಿಟಕಿ ಹಾಕ್ತೀವಿ. ನೀವು ಒಂದನ್ನೂ ಬಿಟ್ಟಿಲ್ಲ. ಊರಿನವರೇ ಈಗೀಗ ಇಷ್ಟು ಸರಿಯಾಗಿ ಮಾಡಲ್ಲ!"

ಮನೆಯೊಳಗೆ ಕಪ್ಪು ಬಟ್ಟೆಯ ಆರು ಹೆಂಗಸರು ಗೋಡೆಗೆ ಸಾಲಾಗಿ ಕೂತಿದ್ದರು. ಮೇಜಿನ ಮೇಲೆ ಸಾರಿನ ಪಾತ್ರೆ, ಮೊಲದ ಪಲ್ಯದ ಎರಡು ಬಾಣಲೆ, ಬಾದಾಮಿಯ ಕೇಕು. ನಡುವೆ ಬಿರ್ಗಿಟ್, ಊದಿದ ಕಣ್ಣುಗಳೊಂದಿಗೆ, ಪಕ್ಕದ ಮನೆಯ ಜಿಜಾಳ ತೋಳಿನೊಳಗೆ ಸಿಕ್ಕಿಬಿದ್ದಿದ್ದಳು. ತೋರ್ಬೆನ್‌ನನ್ನು ಕಂಡು ಐವರು ಕಿರುಚಿದರು. ಜಿಜಾ ಕಿರುಚಲಿಲ್ಲ. ಎಂಬತ್ತೊಂದು ವರ್ಷದ ಆ ವಿಧವೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಒಂಬತ್ತು ಗಂಟೆಯಿಂದ ಅತ್ತಿದ್ದೀನಿ ಕಣಪ್ಪ," ಎಂದಳು. "ನನ್ನ ಗಂಡ ಹೋದಾಗಲೂ ಇಷ್ಟು ಅತ್ತಿರಲಿಲ್ಲ."

"ಕ್ಷಮಿಸಿ ಅಜ್ಜಿ."

"ಈಗ ಕ್ಷಮೆ ಕೇಳಿ ಏನು ಬಂತು! ಮೊಲ ಬೆಂದಾಯ್ತು."

ತೋರ್ಬೆನ್ ಹೆಂಡತಿಯ ಕಡೆ ತಿರುಗಿದ. "ನೀನಾದರೂ ಹೇಳಬಾರದಿತ್ತಾ?"

"ಹೇಳಿದೆ," ಎಂದಳು ಬಿರ್ಗಿಟ್. "ನನ್ನ ಗಂಡ ನಾಲ್ಕು ಗಂಟೆ ಬಸ್ಸಿಗೆ ಬರ್ತಾರೆ ಅಂದೆ. ಎಲ್ಲರೂ ಒಟ್ಟಿಗೆ ಅಳೋಕೆ ಶುರುಮಾಡಿದ್ರು. ಮೊದಲ ದಿನ ಹೀಗೇ ಅನಿಸುತ್ತಮ್ಮ, ನನಗೂ ಬಸ್ಸಿನ ಸದ್ದು ಕೇಳ್ತಿತ್ತು ಅಂದ್ರು ಈ ಅಜ್ಜಿ. ಇನ್ನೊಂದು ಸಲ ಹೇಳಿದ್ದಕ್ಕೆ ಹಣೆಗೆ ಒದ್ದೆ ಬಟ್ಟೆ ಹಾಕಿ ಮಲಗಿಸಿದ್ರು." ಅವಳು ಸಾರಿನ ಪಾತ್ರೆಯತ್ತ ನೋಡಿದಳು. "ಮೂರು ವರ್ಷದಲ್ಲಿ ಈ ಮನೆಗೆ ಯಾರಾದ್ರೂ ಬಂದು ಕೂತದ್ದು ಇವತ್ತೇ. ನೀನು ಇನ್ನೊಂದು ಬಸ್ಸು ಬಿಟ್ಟು ಬಂದಿದ್ರೂ ನಡೀತಿತ್ತು."

ಗಡಿಯಾರ ಐದಕ್ಕೆ ಹತ್ತು ನಿಮಿಷವಿದೆ ಎಂದಿತು. ಸಭೆ! ಡಾಲ್ಫಿನ್ ಚೀಲ ಹಿಡಿದೇ ತೋರ್ಬೆನ್ ಬೀದಿ ದಾಟಿ ಓಡಿದ.

ಕ್ಲಬ್ಬಿನಲ್ಲಿ ಸಭೆ ಮುಗಿದೇಹೋಗಿತ್ತು. ಸುದ್ದಿ ಅವನಿಗಿಂತ ಮೊದಲು ಬೀದಿ ದಾಟಿತ್ತೆಂದು ತೋರುತ್ತದೆ, ಯಾರೂ ಬೆಚ್ಚಲಿಲ್ಲ. ಹನ್ನೆರಡು ಮುದುಕರು ಕೂತಿದ್ದರು. ಅಧ್ಯಕ್ಷ ವಿಸ್ತಿನ್ ಎಂದಿನ ಕುರ್ಚಿಯಲ್ಲಿದ್ದ, ಮುಖದಲ್ಲಿ ತುಸು ಮುನಿಸಿತ್ತು.

"ಬನ್ನಿ ತೋರ್ಬೆನ್ನಣ್ಣ, ಕೂತ್ಕೊಳ್ಳಿ. ನಿಮ್ಮ ವಿಷಯಕ್ಕೇ ಮೂರು ಗಂಟೆಗೆ ತುರ್ತು ಸಭೆ ಕರೆದಿದ್ವಿ."

"ನನ್ನ ಅರ್ಜಿ?"

"ಸರ್ವಾನುಮತದಿಂದ ಒಪ್ಪಿದ್ವಿ. ಒಂದು ಮಾತೂ ಎದುರು ಬರಲಿಲ್ಲ. ಎಂಥ ನ್ಯಾಯವಂತ, ಒಂದು ಮಿಲಿಮೀಟರ್ ಕೂಡ ಸುಳ್ಳು ಹೇಳದ ಮನುಷ್ಯ, ನಮ್ಮ ಅಂಗಳಕ್ಕೆ ಅಂಥವನು ಇನ್ನು ಸಿಗಲ್ಲ ಅಂತ ನಾನೇ ಎದ್ದು ನಿಂತು ಹೇಳಿದೆ. ಕಣ್ಣಲ್ಲಿ ನೀರು ಬಂತು ಗೊತ್ತಾ?"

ತೋರ್ಬೆನ್‌ನ ಕಣ್ಣಲ್ಲೂ ನೀರು ಬಂತು. ಬೇಕಾದದ್ದು ಇಷ್ಟೇ ಇತ್ತು. ಮೂರು ವರ್ಷ, ಮೂರು ಅರ್ಜಿ. "ಹಾಗಾದರೆ ನಾನೀಗ ಸದಸ್ಯ!"

"ಆಗಿದ್ರಿ," ಎಂದ ವಿಸ್ತಿನ್, ಗೋಡೆಯತ್ತ ಗದ್ದ ಆಡಿಸಿ.

ಗೋಡೆಯ ಮೇಲೆ ಕ್ಲಬ್ಬಿನ ಅಗಲಿದ ಸದಸ್ಯರ ಹಲಗೆ ತೂಗುತ್ತಿತ್ತು. ಕಟ್ಟಕಡೆಯ ಸಾಲಿನಲ್ಲಿ ಬಿಳಿ ಬಣ್ಣದ ಹಸಿ ಅಕ್ಷರಗಳು: ತೋರ್ಬೆನ್ ಲುಂದ್.

"ಅಳಿಸಿಬಿಡಿ!"

"ಅಳಿಸೋದಾ? ಎರಡು ಸುತ್ತು ಬಣ್ಣ ಹೊಡೆದಾಗಿದೆ. ಅಲ್ಲದೆ ಆ ಹಲಗೆಯಿಂದ ಇದುವರೆಗೆ ಯಾರೂ ವಾಪಸ್ ಬಂದ ರೂಢಿ ಇಲ್ಲ. ಆ ಸದಸ್ಯತ್ವ ಸತ್ತವರ ಗೌರವಕ್ಕೆ ಕೊಟ್ಟದ್ದು. ಬದುಕಿರೋರು ಅರ್ಜಿ ಹಾಕ್ಬೇಕು."

"ಮತ್ತೆ ಜಾಗವಿಲ್ಲ ಅಂತೀರಿ!"

"ಛೆ ಛೆ, ಇವತ್ತೇ ಒಂದು ಜಾಗ ಖಾಲಿಯಾಗಿದೆ."

"ಯಾರದ್ದು?"

"ನಿಮ್ಮದೇ," ಎಂದ ವಿಸ್ತಿನ್ ಗಂಭೀರವಾಗಿ. "ಅರ್ಜಿ ಜೊತೆಗೆ, ನೀವು ಬದುಕಿದ್ದೀರಿ ಅಂತ ಇಬ್ಬರು ಸದಸ್ಯರ ಸಹಿ ತನ್ನಿ."

"ಇಷ್ಟು ಜನ ಇದ್ದೀರಲ್ಲ, ಹಾಕಿ."

"ಹಾಗೆಲ್ಲ ಆತುರಪಟ್ಟರೆ ಹೇಗೆ? ಮೊದಲು ಚರ್ಚೆ ಆಗಲಿ."

ಹನ್ನೆರಡು ಮುದುಕರು ಕುರ್ಚಿಗಳನ್ನು ಹತ್ತಿರಕ್ಕೆಳೆದುಕೊಂಡರು. ಅವರ ಮುಖಗಳಲ್ಲಿ ಹಬ್ಬದ ಕಳೆ ಬಂತು. ಒಬ್ಬ, ಬದುಕಿರುವುದು ಸ್ಪಷ್ಟ ಎಂದ. ಇನ್ನೊಬ್ಬ, ಬಾಗಿಲಿಗೆ ಕಪ್ಪು ಪಟ್ಟಿ ಇನ್ನೂ ಇದೆಯಲ್ಲ ಎಂದ. ದನಿಗಳು ಏರಿದವು. ತೋರ್ಬೆನ್‌ನ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು, ತಣ್ಣನೆಯ ಟೇಪು ಬೆರಳಿಗೆ ತಾಗಿತು. ಅವನು ಅದನ್ನು ಹೊರತೆಗೆದು ಮೆಲ್ಲಗೆ ವಿಸ್ತಿನ್‌ನ ಮೇಜಿನ ಮೇಲಿಟ್ಟ. ವಿಸ್ತಿನ್ ಅದನ್ನು ನೋಡಿದ, ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದ.

"ಅಣ್ಣಾ, ಎಲ್ಲಿಗೆ ಹೊರಟ್ರಿ? ಚರ್ಚೆ ಈಗ ತಾನೇ ಶುರುವಾಗಿದೆ!" ಎಂದ ವಿಸ್ತಿನ್.

"ಮುಂದುವರಿಸಿ, ಮುಂದುವರಿಸಿ," ಎಂದ ತೋರ್ಬೆನ್, ಆಗಲೇ ಹೊಸ್ತಿಲು ದಾಟಿ. "ಕತ್ತಲಾಗೋದ್ರೊಳಗೆ ಡಾಲ್ಫಿನ್ ಸಿಕ್ಕಿಸ್ಬೇಕು, ಇಲ್ಲದಿದ್ರೆ ನಾಳೆ ಬೆಳಿಗ್ಗೆ ನೀವೆಲ್ಲ ಸೇರಿ ನನ್ನನ್ನ ಹೊತ್ಕೊಂಡು ಹೋಗಿ ಆ ಬೆಟ್ಟದ ಮೇಲಿನ ಸ್ಮಶಾನದಲ್ಲಿ ಹೂತುಬಿಡ್ತೀರಿ!"