ಇದು ನೀವೇನಾ?

ಅನುಮಾನ ಪಡುವುದಕ್ಕೆಂದೇ ಸಂಬಳ ಪಡೆಯುವವರು ಪೊಲೀಸರು ಮಾತ್ರ ಎಂದು ನೀವು ತಿಳಿದಿದ್ದರೆ ಅದು ತಪ್ಪು, ನಾನೂ ಒಬ್ಬನಿದ್ದೇನೆ. ದುಬೈಯಲ್ಲಿ ವಾಹನಗಳ ಬಿಡಿಭಾಗ ಮಾರುವ ನಮ್ಮ ಕಂಪನಿಗೆ ಅಲ್ ಮುರಕ್ಕಬಾತಿನಲ್ಲಿ ಆಫೀಸು, ಅಲ್ ಕೂಜಿನಲ್ಲಿ ಗೋದಾಮು, ರಾಸ್ ಅಲ್ ಖೋರಿನಲ್ಲಿ ಗ್ಯಾರೇಜು. ಮೂರೂ ಕಡೆಯ ಕಂಪ್ಯೂಟರುಗಳು ಒಂದನ್ನೊಂದು ನಂಬಿ ಕೆಲಸ ಮಾಡುತ್ತವೆ. ಕಳ್ಳ ಒಂದರೊಳಗೆ ಹೊಕ್ಕರೆ ಮೂರೂ ಅವನಿಗೆ ಮಾವನ ಮನೆ. ಪಾಸ್‌ವರ್ಡ್ ಕದ್ದವರನ್ನೂ ತಡೆಯಲೆಂದು, ಯಾರ ಹೆಸರಿನಲ್ಲಿ ಒಳಹೊಕ್ಕರೂ ಅವರ ಮೊಬೈಲಿಗೆ ‘ಇದು ನೀವೇನಾ?’ ಎಂಬ ಪ್ರಶ್ನೆ ಬಂದು, ‘ಹೌದು’ ಎಂದು ಒತ್ತಿದರಷ್ಟೇ ಬಾಗಿಲು ತೆರೆಯುವಂತೆ ಮಾಡಿದವನು ನಾನು. ಯಾರನ್ನೂ ನಂಬಬೇಡಿ ಎಂದು ಎಲ್ಲರಿಗೂ ಪಾಠ ಮಾಡಿದವನೂ ನಾನೇ. ಮನೆಯಲ್ಲಿ ಹೆಂಡತಿ, “ಹಾಗಾದ್ರೆ ನಾನು ಮಾಡಿದ ಮೀನುಸಾರನ್ನೂ ನಂಬುದು ಬೇಡ” ಎಂದು ಪಾತ್ರೆ ಎತ್ತಿಟ್ಟ ಮೇಲೆ ಪಾಠವನ್ನು ಆಫೀಸಿಗಷ್ಟೇ ಉಳಿಸಿಕೊಂಡೆ.

ನಮ್ಮಲ್ಲೊಂದು ಪದ್ಧತಿಯಿದೆ. ಶುಕ್ರವಾರ ಜುಮಾ ನಮಾಜಿಗೆ ಹೋಗುವ ನಾವು ಆರು ಮಂದಿ ಬ್ಯಾರಿಗಳು ನಮ್ಮ ಮೊಬೈಲುಗಳನ್ನು ರಿಸೆಪ್ಶನ್ನಿನ ಫೆಲಿಕ್ಸಣ್ಣನ ಮೇಜಿನ ಮೇಲಿಟ್ಟು ಹೋಗುತ್ತೇವೆ. ಅವರು ಶಿರ್ವದ ಕಡೆಯ ಕೊಂಕಣಿ ಕ್ರೈಸ್ತರು. ಒಮ್ಮೆ ನಮಾಜಿನಲ್ಲಿ ಎಲ್ಲರೂ ಹಣೆ ನೆಲಕ್ಕಿಟ್ಟು ಸುಜೂದಿನಲ್ಲಿದ್ದಾಗ ಒಬ್ಬನ ಜೇಬಿನಿಂದ ಸಿನಿಮಾ ಹಾಡು ಮೊಳಗಿದ ಮೇಲೆ ಶುರುವಾದ ಏರ್ಪಾಡು ಇದು. ಊರಿನಿಂದ ಏನಾದರೂ ಸುದ್ದಿ ಬಂದರೆ ನೋಡಲಿಕ್ಕೆಂದು ಆರೂ ಮೊಬೈಲುಗಳ ಲಾಕ್ ನಂಬರು ಅವರಿಗೆ ಬಾಯಿಪಾಠ.

ಈ ವರ್ಷ ಹೊರಗಿನ ತಂಡವೊಂದು ಕಳ್ಳರಂತೆ ನುಗ್ಗಲು ಯತ್ನಿಸಿ ನಮ್ಮ ಭದ್ರತೆಯನ್ನು ಪರೀಕ್ಷಿಸುವುದಿತ್ತು. ಅವರು ಒಳಬಂದರೆ ನನ್ನ ಕಾಂಟ್ರ್ಯಾಕ್ಟು ಖಲಾಸ್ ಎಂದು ಮ್ಯಾನೇಜರು ಹೇಳಿದ್ದರು. ಕಾಂಟ್ರ್ಯಾಕ್ಟು ಹೋದರೆ ವೀಸಾ, ವೀಸಾ ಹೋದರೆ ಮಗಳ ಶಾಲೆ. ನನಗೆ ನಿಜಕ್ಕೂ ಭಯವಾಗಿತ್ತು. ಆ ಶುಕ್ರವಾರ ದುಆದಲ್ಲೂ ಅದನ್ನೇ ಬೇಡಿಕೊಂಡೆ.

ಮರಳಿದಾಗ ಫೆಲಿಕ್ಸಣ್ಣ ಉಬ್ಬಿಹೋಗಿದ್ದರು. “ಎಂತ ಮಾರಾಯ್ರೆ, ಆರು ಫೋನೂ ಒಟ್ಟಿಗೇ ಬಡ್ಕೊಂಡವು, ಇದು ನೀವೇನಾ ಅಂತ! ನಾನು ಬಿಡ್ತೇನಾ? ನೀವು ಹೇಳಿಕೊಟ್ಟ ಹಾಗೇ ಐದಕ್ಕೂ ‘ಅಲ್ಲ’ ಅಂತ ಒತ್ತಿದೆ.”

“ಆರನೆಯದು?”

“ಅದು ನಿಮ್ಮದಲ್ವಾ! ನಿಮ್ಮನ್ನೇ ನಂಬದಿದ್ರೆ ಮತ್ತೆ ಯಾರನ್ನು ನಂಬುದು? ‘ಹೌದು’ ಅಂತ ಒತ್ತಿದೆ.”

ಮೂರೂ ಕಡೆಯ ಬೀಗದಕೈ ಇದ್ದದ್ದು ನನ್ನ ಹೆಸರಿನಲ್ಲಿ ಮಾತ್ರ.

ಐವರನ್ನು ಕಾಪಾಡಿದ್ದಕ್ಕೆ ಫೆಲಿಕ್ಸಣ್ಣನಿಗೆ ಪ್ರಶಂಸಾಪತ್ರ ಸಿಕ್ಕಿತು. ಮ್ಯಾನೇಜರು ದೊಡ್ಡ ಮನಸ್ಸು ಮಾಡಿ ನನಗೆ ಕೊನೆಯ ಅವಕಾಶ ಕೊಟ್ಟರು. ಇನ್ನು ಮೊಬೈಲನ್ನು ಬೇರೆಯವರ ಕೈಗೆ ಕೊಟ್ಟರೆ ಕೆಲಸವಿಲ್ಲ ಎಂಬ ಎಚ್ಚರಿಕೆ ಪತ್ರವನ್ನೂ ಕಳುಹಿಸಿದರು. ಅದು ಮುಂದಿನ ಶುಕ್ರವಾರ ಮಧ್ಯಾಹ್ನ ನನ್ನ ಮೊಬೈಲಿಗೆ ಬಂತು. ನಾನು ನಮಾಜು ಮುಗಿಸಿ ಬರುವಷ್ಟರಲ್ಲಿ ಫೆಲಿಕ್ಸಣ್ಣ ‘ಓದಿದ್ದೇನೆ, ಒಪ್ಪಿದ್ದೇನೆ’ ಎಂದು ಒತ್ತಿ ಮುಗಿಸಿದ್ದರು.